ತಿಪ್ಪೇಶಿ ಹಾಲಿನ ಬೈಕಿಗೆ ಭಾರ ಹಾಕಿದ್ದು

ಇದು ನಡೆದದ್ದೇ ಅಂತ ನಾನು ಆಣೆ ಮಾಡುವುದಿಲ್ಲ. ನಡೆದೇ ಇಲ್ಲ ಅಂತ ಯಾರಾದರೂ ಅಂದರೆ ಅವರನ್ನು ಸುಮ್ಮನೆ ಬಿಡುವುದೂ ಇಲ್ಲ. ಬೇಕಾದರೆ ಗುಡ್ಡ ತೋರಿಸುತ್ತೇನೆ. ಗುಡ್ಡ ಇನ್ನೂ ಅಲ್ಲೇ ಇದೆ.

ಆ ಗುಡ್ಡದ ಬುಡಕ್ಕೊಂದು ಊರು, ಗುಂಡಲಗೆರೆ. ಆ ಊರಿಗೊಬ್ಬಳು ಓಬಮ್ಮ. ಗಿರಣಿ ಹಿಟ್ಟು ಒಲ್ಲೆ, ಕಲ್ಲಿನ ಹಿಟ್ಟೇ ಬೇಕು ಅನ್ನುವ ಮನೆಗಳಿಗೆ ರಾಗಿ ಬೀಸಿ ಕೊಟ್ಟು ಬದುಕುವವಳು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲುತ್ತದೆ. ಮಲಗಿದ ಎತ್ತನ್ನು ಒಬ್ಬನೇ ಎಬ್ಬಿಸಿ ನಿಲ್ಲಿಸುತ್ತಾನೆ. ಬುದ್ಧಿ? ಬುದ್ಧಿ ಇತ್ತಪ್ಪ, ಇಲ್ಲ ಅನ್ನಬಾರದು. ಆದರೆ ಹೇಳಿದ ಮಾತು ಎಲ್ಲಿಗೆ ನಿಂತಿತೋ ಅದೂ ಅಲ್ಲಿಗೇ ನಿಲ್ಲುತ್ತಿತ್ತು.

ಹೋಟೆಲಿಗೆ ಸೇರಿಸಿದಳು ಓಬಮ್ಮ. "ಎಲೆ ಖಾಲಿಯಾದ ಕೂಡಲೇ ಅನ್ನ ಬಡಿಸು" ಅಂದರು ಯಜಮಾನರು. ಬಡಿಸಿದ. ಊಟ ಮುಗಿಸಿ ಎದ್ದವರನ್ನು ಭುಜ ಹಿಡಿದು ಕೂರಿಸಿ ಬಡಿಸಿದ. ಎಲೆ ಖಾಲಿ ಇತ್ತಲ್ಲ! ಮಧ್ಯಾಹ್ನ ಉಣ್ಣಲು ಬಂದ ಕಂಡಕ್ಟರೊಬ್ಬ ಸಂಜೆಯವರೆಗೂ ಉಂಡನಂತೆ. ಬಸ್ಸು ಹೋಯಿತು, ತಿಪ್ಪೇಶಿಯ ಕೆಲಸವೂ ಹೋಯಿತು.

ಗಿರಣಿಗೆ ಸೇರಿಸಿದಳು. "ಗಿರಾಕಿ ಚೀಲದ ಮೇಲಿಂದ ಕಣ್ಣು ತೆಗೀಬೇಡ" ಅಂದರು. ತೆಗೆಯಲಿಲ್ಲ. ಗಿರಾಕಿ ಚೀಲ ಹೊತ್ತು ಮನೆಗೆ ಹೊರಟರೆ ಹಿಂದೆಯೇ ಹೊರಟ. ಅಡುಗೆಮನೆಗೆ ಹೋದ. ಹಿಟ್ಟು ಮುದ್ದೆಯಾಗಿ, ಮುದ್ದೆ ಹೊಟ್ಟೆ ಸೇರುವವರೆಗೆ ನೋಡುತ್ತ ಕೂತ.

"ಅಯ್ಯೋ ನನ್ನ ಮಗನೇ! ಹಂಗಾ ಮಾಡೋದು?"

"ಹೇಳಿದ್ದು ಹೇಳಿದಂಗೇ ಮಾಡಿದೆ ಕಣವ್ವ!"

ಊರಲ್ಲಿ ಇನ್ನು ಯಾವ ಅಂಗಡಿಯೂ ಉಳಿಯಲಿಲ್ಲ. ಓಬಮ್ಮನ ತಮ್ಮ ದುರುಗಪ್ಪ, ಕಲ್ಲು ಕ್ವಾರಿಯಲ್ಲಿ ಆಳುಗಳ ಮೇಲಿನ ಮೇಟಿ. ಒಳ್ಳೆಯವನೇ. "ಅಕ್ಕ, ಯುಗಾದಿಗೆ ಲಾರಿ ತಗೊಂಡು ಬರ್ತೀನಿ. ಹುಡುಗನ್ನ ನನ್ನ ಜೊತೆ ಕಳಿಸು. ಅನ್ನಕ್ಕೆ ಕಮ್ಮಿ ಮಾಡಲ್ಲ" ಅಂತ ಹೇಳಿ ಕಳಿಸಿದ.

ಆ ಮಾತು ಕೇಳಿದ ಮೇಲೆ ಓಬಮ್ಮನಿಗೆ ಅನ್ನ ಸೇರಲಿಲ್ಲ. ಕ್ವಾರಿಯಲ್ಲಿ ಬಂಡೆಗೆ ತೂತು ಹೊಡೆದು ಮದ್ದು ತುಂಬಿ ಸಿಡಿಸುತ್ತಾರೆ. "ಬೆಂಕಿ ಇಡು" ಅಂದವನು "ಆಮೇಲೆ ಓಡು" ಅನ್ನೋದನ್ನ ಒಂದು ಸಲ ಮರೆತರೆ? ತಿಪ್ಪೇಶಿ ನಿಂತೇ ಇರುತ್ತಾನೆ! ಮದ್ದಿನ ಮುಂದೆ ಕೈಕಟ್ಟಿ ನಿಂತಿರುತ್ತಾನೆ!

ಮಗನನ್ನು ಎಳೆದುಕೊಂಡು ದಸ್ತಗೀರ್ ಮೇಸ್ತ್ರಿಯ ಗ್ಯಾರೇಜಿಗೆ ಹೋದಳು. ಬಸ್ ಸ್ಟಾಂಡಿನ ಹಿಂದೆ, ಹುಣಸೆಮರದ ಕೆಳಗೆ, ಸುತ್ತಮುತ್ತಲ ಊರಿನ ಮೋಟರ್ ಸೈಕಲ್ಲುಗಳಿಗೆಲ್ಲ ಅದೇ ಆಸ್ಪತ್ರೆ.

"ಮೇಸ್ತ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವನ ಕೈಗೊಂದು ಕಸುಬು ಕೊಡಿ."

ಮೇಸ್ತ್ರಿ ತಿಪ್ಪೇಶಿಯನ್ನು ಮೇಲಿಂದ ಕೆಳಗೆ ನೋಡಿದರು. "ಅರೆ, ಹೋಟೆಲಲ್ಲಿ ಕಂಡಕ್ಟರ್‌ಗೆ ಉಣ್ಣಿಸಿದೋನು ಇವನೇನಾ ಓಬಕ್ಕ?"

"ಇವನೇ ನಮ್ಮಪ್ಪ. ಸುಳ್ಳು ಹೇಳಲ್ಲ, ಕದಿಯಲ್ಲ. ಹೇಳಿದ್ದು ಮಾಡ್ತಾನೆ."

"ಅದೇ ಭಯ ನಂಗೆ!" ಅಂದರು ಮೇಸ್ತ್ರಿ. ಆಮೇಲೆ ಅವಳ ಮುಖ ನೋಡಿ ಮೆತ್ತಗಾದರು. "ಆಯ್ತು. ಯುಗಾದಿವರೆಗೆ ನೋಡ್ತೀನಿ. ಅಷ್ಟರಲ್ಲಿ ಒಂದು ಬೈಕಾದ್ರೂ ನೆಟ್ಟಗೆ ಮಾಡಿಕೊಟ್ರೆ ಇಲ್ಲೇ ಇರ್ಲಿ. ಇಲ್ದಿದ್ರೆ ಲಾರಿ ಹತ್ತಿಸು."

ತಿಪ್ಪೇಶಿ ಖಾಕಿ ಚಡ್ಡಿ ಹಾಕಿಕೊಂಡು ಕೆಲಸಕ್ಕೆ ನಿಂತ.

ಮೊದಲು ಬಂದವನು ಹಾಲಿನ ಪರಮೇಶಿ. ಹಳೇ ಸಣ್ಣ ಬೈಕು, ಹಿಂದೆ ಎರಡು ಕಡೆ ಕ್ಯಾನು. ದಿನಾ ಗುಡ್ಡ ಹತ್ತಿ ಆಚೆ ಊರಿಗೆ ಹಾಲು ಹಾಕುವವನು.

"ಮೇಸ್ತ್ರಿ, ಏರಲ್ಲಿ ಆಫ್ ಆಗ್ತದೆ! ಗೇರ್ ಹಾಕಿ ಕ್ಲಚ್ ಬಿಟ್ರೆ ಸಾಕು, ಪುಸಕ್ ಅಂತದೆ! ನಾನು ಕೆಳಗಿಳೀಬೇಕು, ತಳ್ಳಬೇಕು. ಹಾಲು ಮೊಸರಾಗ್ತದೆ!"

ಮೇಸ್ತ್ರಿ ಎಂಜಿನ್ ಬಿಚ್ಚಿ ನೋಡಿದರು. ಒಳಗೆ ತಿರುಗುವ ಕಬ್ಬಿಣದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಯಾರೋ ಪುಣ್ಯಾತ್ಮ ಲೇತಿಗೆ ಕೊಟ್ಟು ಸವೆಸಿ ಹಪ್ಪಳ ಮಾಡಿಬಿಟ್ಟಿದ್ದ.

"ಬಾರೋ ತಿಪ್ಪೇಶಿ, ನೋಡು. ನಿಮ್ಮವ್ವ ಬೀಸೋ ಕಲ್ಲು ಹೆಂಗಿದೆ? ಮೇಲಿನ ಕಲ್ಲು ಭಾರ ಇದೆ. ಒಂದ್ಸಲ ತಿರುಗಿಸಿದ್ರೆ ಕೈ ಸಡಿಲ ಬಿಟ್ರೂ ಅದರ ಪಾಡಿಗದು ತಿರುಗ್ತದೆ. ರಾಗಿ ಅಡ್ಡ ಬಂದ್ರೂ ನಿಲ್ಲಲ್ಲ. ಅದೇ ಕಲ್ಲು ಹಗುರ ಆದ್ರೆ? ಕಾಳು ಸಿಕ್ಕಿದ ತಕ್ಷಣ ಗಕ್ ಅಂತ ನಿಲ್ತದೆ. ಈ ಗಾಡಿಗೂ ಅದೇ ರೋಗ. ಇದಕ್ಕೆ ಭಾರ ಬೇಕು. ಬೀಸೋ ಕಲ್ಲಿನ ಹಂಗೆ ಭಾರ ಬೇಕು. ತಿಳೀತಾ?"

"ತಿಳೀತು ಮೇಸ್ತ್ರಿ! ಭಾರ ಬೇಕು!"

ಮೇಸ್ತ್ರಿ ಎಂಜಿನ್ ಮುಚ್ಚಿ ನಮಾಜಿಗೆ ಹೋದರು. ತಿಪ್ಪೇಶಿ ಮನೆಗೆ ಹೋದ. ಬೀಸುಕಲ್ಲಿನ ಮೇಲಿನ ಹೋಳು ಎತ್ತಿ ಹೆಗಲ ಮೇಲಿಟ್ಟು ತಂದ. ಕ್ಯಾನುಗಳ ನಡುವೆ ಇಟ್ಟು ಟ್ಯೂಬಿನಿಂದ ಬಿಗಿದು ಕಟ್ಟಿದ.

"ಇದೇನಲೇ?" ಅಂದ ಪರಮೇಶಿ.

"ಭಾರ, ಪರಮೇಶಣ್ಣ! ಮೇಸ್ತ್ರಿ ಹೇಳವ್ರೆ!"

ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತಲ್ಲ, ಪರಮೇಶಿ ಹೊರಟ. ಏರಿನ ಮೊದಲ ತಿರುವು ಬರುತ್ತಲೇ ಬೈಕು ಮುಂದಿನ ಚಕ್ರ ಎತ್ತಿ ಕುದುರೆ ಹಾಗೆ ನಿಂತಿತು. ಪರಮೇಶಿ ಹಿಂದಕ್ಕೆ ಜಾರಿದ. ಕ್ಯಾನು ಮಗುಚಿತು. ಗುಡ್ಡದಿಂದ ಊರಿಗೆ ಹಾಲಿನ ಹೊಳೆ! ಊರ ನಾಯಿಗಳೆಲ್ಲ ಹೊಳೆಯ ದಂಡೆಗೆ! ಬೀಸುಕಲ್ಲೋ, ಉರುಳಿತು ಉರುಳಿತು, ಊರಿನ ಅಗಸೆಬಾಗಿಲು ದಾಟಿತು, ಬೀದಿ ತಿರುಗಿತು, ಓಬಮ್ಮನ ಮನೆ ಬಾಗಿಲಿಗೇ ಬಂದು ನಿಂತಿತು. ನಾನು ಕಂಡಿಲ್ಲ. ಕಂಡವರನ್ನು ಕಂಡಿದ್ದೇನೆ.

"ಹಂಗಲ್ಲ ಕಣೋ!" ಮೇಸ್ತ್ರಿ ತಲೆ ತಲೆ ಚಚ್ಚಿಕೊಂಡರು. "ಹೊರೋ ಭಾರ ಬೇರೆ, ತಿರುಗೋ ಭಾರ ಬೇರೆ! ಸುಮ್ಮನೆ ಕೂತ ಭಾರ ಗಾಡಿಗೆ ಶನಿ. ಭಾರ ಅಂದ್ರೆ ತಿರುಗಬೇಕು! ತಿರುಗೋ ಭಾರ ಮಾತ್ರ ಎಂಜಿನ್‌ಗೆ ಶಕ್ತಿ!"

"ಆಗ್ಲಿ ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

ಭಾರದ ಫ್ಲೈವೀಲು ದಾವಣಗೆರೆಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಪರಮೇಶಿಯ ಬೈಕು ಮೂಲೆಗೆ ನಿಂತಿತು. ಪರಮೇಶಿ ಸೈಕಲ್ ತುಳಿದ, ತುಳಿಯುತ್ತ ಬೈದ, ಬೈಯುತ್ತ ತುಳಿದ.

ಎರಡನೆಯವರು ವೀರಭದ್ರಪ್ಪ ಮೇಷ್ಟ್ರು. ಶಾಲೆಯ ಬಾಗಿಲಲ್ಲಿ ಅಡ್ಡಡ್ಡ ಹೋಗುವಷ್ಟು ದಪ್ಪ. ಮೊಪೆಡ್ಡಿನಿಂದ ಇಳಿದರೆ ಮೊಪೆಡ್ಡು ಉಸಿರು ಬಿಡುತ್ತಿತ್ತು.

"ಮೇಸ್ತ್ರಿ ಎಲ್ಲಪ್ಪ?"

"ಟೀ ಕುಡಿಯಾಕೆ ಹೋಗವ್ರೆ ಸಾರ್. ಏನಾಗದೆ?"

"ನಾನು ಕೂತ್ರೆ ಎಳೆಯಲ್ಲಪ್ಪ ಇದು."

ತಿಪ್ಪೇಶಿ ಮೊಪೆಡ್ಡು ನೋಡಿದ. ಮೇಷ್ಟ್ರನ್ನು ನೋಡಿದ. ಮುಖ ಅರಳಿತು. "ಸಾರ್, ತಪ್ಪು ಗಾಡೀದಲ್ಲ! ಕೂತ ಭಾರ ಗಾಡಿಗೆ ಶನಿ! ಭಾರ ತಿರುಗಬೇಕು!"

"ಅಂದ್ರೆ?"

"ನೀವು ಇಳೀರಿ ಸಾರ್. ಗಾಡಿ ಸುತ್ತ ತಿರುಗಿ. ಬಲಗಡೆಯಿಂದ ಬನ್ನಿ. ಇನ್ನೂ ಜೋರು! ನಿಲ್ಲಬಾರದು ಸಾರ್, ನಿಂತ್ರೆ ಶಕ್ತಿ ಹೋಗ್ತದೆ!"

ಮೇಷ್ಟ್ರು ಓದಿದವರು. ಆದರೆ ಗ್ಯಾರೇಜಿನಲ್ಲಿ ಡಾಕ್ಟರು ಹೇಳಿದಂತೆ ಕೇಳಬೇಕಲ್ಲವೇ? ತಿರುಗಿದರು. ಪಂಚೆ ಎತ್ತಿ ಕಟ್ಟಿ ತಿರುಗಿದರು. ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು "ಯಾವ ಹರಕೆಯೋ ಏನೋ ಪಾಪ" ಅಂತ ಮೊಪೆಡ್ಡಿಗೆ ಕೈಮುಗಿದಳು. ಶಾಲೆ ಬಿಟ್ಟ ಹುಡುಗರು ಹಿಂದೆ ಸಾಲಾಗಿ ತಿರುಗತೊಡಗಿದರು. ಕೊನೆಗೆ ಮೇಷ್ಟ್ರ ತಲೆ ಮಾತ್ರ ತಿರುಗಿ, ಮೈ ನಿಂತು, ಕರೀ ಆಯಿಲ್ ತುಂಬಿದ ಬಾಂಡಲಿಯಲ್ಲಿ ದೊಪ್ಪನೆ ಕೂತರು!

ಟೀ ಕುಡಿದು ಬಂದ ಮೇಸ್ತ್ರಿ ಅರ್ಧ ಕಪ್ಪಾದ ಮೇಷ್ಟ್ರನ್ನು ನೋಡಿದರು.

"ಯಾ ಅಲ್ಲಾ! ಏನೋ ಮಾಡಿದೆ?"

"ಹೇಳಿದ್ದು ಹೇಳಿದಂಗೇ ಮಾಡಿದೆ ಮೇಸ್ತ್ರಿ! ಭಾರ ತಿರುಗಿಸಿದೆ!"

"ಹಂಗಲ್ಲ ಕಣೋ! ಮನುಷ್ಯರನ್ನ ತಿರುಗಿಸ್ತಾರಾ? ಇದರ ಕ್ಲಚ್ಚಿನ ಲೈನಿಂಗ್ ಸವೆದದೆ, ಅಷ್ಟೇ! ನೋಡು, ಮೊದ್ಲು ಗಿರಾಕಿ ಏನು ಕೇಳ್ತಾನೆ ಅಂತ ಕಿವಿಗೊಟ್ಟು ಕೇಳು. ನಿಧಾನಕ್ಕೆ ಎಳೀಬೇಕು, ಆಫ್ ಆಗಬಾರದು ಅಂದ್ರೆ ಭಾರ. ಚಂಗನೆ ನೆಗೀಬೇಕು, ಪಿಕಪ್ ಬೇಕು ಅಂದ್ರೆ ಹಗುರ. ನೆಗೀಬೇಕು ಅಂದೋನಿಗೆ ಹಗುರ ಮಾಡು!"

"ಆಗ್ಲಿ ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

ಸಂಜೆ ಓಬಮ್ಮ ಮೇಷ್ಟ್ರ ಪಂಚೆ ಸೀಗೇಪುಡಿ ಹಾಕಿ ಒಗೆದಳು. ಒಗೆಯುತ್ತ ಅತ್ತಳು. "ಯುಗಾದಿ ಹತ್ರ ಬಂತಲ್ಲೋ ಮಗನೇ!"

"ಬರಲಿ ಬಿಡವ್ವ. ಹೋಳಿಗೆ ಮಾಡ್ತೀಯಲ್ಲ!" ಅಂದ ತಿಪ್ಪೇಶಿ.

ಮೂರನೆಯವನು ಜನಾರ್ದನ. ಊರಿಗೆಲ್ಲ ಜಾನು. ಕೂದಲಿಗೆ ಎಣ್ಣೆ, ಕಣ್ಣಿಗೆ ಕಪ್ಪು ಕನ್ನಡಕ, ಕೋಟು, ಬೂಟು. ಪಕ್ಕದೂರಿಗೆ ಹೆಣ್ಣು ನೋಡಲು ಹೊರಟಿದ್ದ. ಅಪ್ಪ ಅಮ್ಮ ಬಸ್ಸಿನಲ್ಲಿ ಮುಂದೆ ಹೋಗಿದ್ದರು. ಇವನು ಮಾತ್ರ ಬೈಕಿನಲ್ಲೇ ಹೋಗಿ ಅಂಗಳದಲ್ಲಿ ಜುಮ್ಮನೆ ನಿಲ್ಲಬೇಕು ಅಂತ ಆಸೆ.

"ಮೇಸ್ತ್ರಿ ಇಲ್ವಾ? ಛೆ! ತಿಪ್ಪೇಶಿ, ನೀನೇ ನೋಡಪ್ಪ. ಈ ಗಾಡಿ ಎಮ್ಮೆ ಎದ್ದಂಗೆ ಏಳ್ತದೆ. ನಂಗೆ ಚಂಗನೆ ನೆಗೀಬೇಕು!"

"ಚಂಗನೆ?"

"ಚಂಗನೆ!"

ತಿಪ್ಪೇಶಿ ಸ್ಪ್ಯಾನರು ಎತ್ತಿಕೊಂಡ. ಮಡ್‌ಗಾರ್ಡ್ ತೆಗೆದ, ಹಗುರವಾಯಿತು. ಸೀಟು ತೆಗೆದ, ಇನ್ನೂ ಹಗುರ. ಲೈಟು, ಹಾರನ್ನು, ಸ್ಟ್ಯಾಂಡು ತೆಗೆದ. ಬ್ರೇಕಿನ ಕಡ್ಡಿ ಕೈಯಲ್ಲಿ ತೂಗಿ ನೋಡಿದ, ಭಾರ ಇತ್ತು, ತೆಗೆದ. ಜಾನು ಕೂದಲು ಬಾಚಿಕೊಂಡು ಬರುವಷ್ಟರಲ್ಲಿ ಬೈಕಿನಲ್ಲಿ ಎಂಜಿನ್ನು, ಟ್ಯಾಂಕು, ಎರಡು ಚಕ್ರ ಬಿಟ್ಟರೆ ಬೇರೆ ಸಂಸಾರವೇ ಇರಲಿಲ್ಲ.

"ಇದೇನೋ!"

"ಹಗುರ, ಜಾನಣ್ಣ! ಬೂಟೂ ಬಿಚ್ಚು, ಭಾರ. ಕೋಟೂ ಅಂಗೀನೂ ಬಿಚ್ಚು. ಜೇಬಲ್ಲೇನದೆ? ಬಾಚಣಿಗೆನಾ? ಕೊಡು ಇಲ್ಲಿ!"

ಹೊತ್ತು ಮೀರುತ್ತಿತ್ತು. ಜಾನು ಬರಿಗಾಲಲ್ಲಿ, ಬನಿಯನ್ನಿನಲ್ಲಿ, ಟ್ಯಾಂಕನ್ನು ತಬ್ಬಿಕೊಂಡು ಕೂತ. ಬೈಕು ನೆಗೆಯಿತು ನೋಡಿ! ಊರಾಚೆ ಬಸ್ಸನ್ನು ಹಿಂದೆ ಹಾಕಿತು. ಹೆಣ್ಣಿನ ಮನೆ ಬಂತು. ಬ್ರೇಕು ಎಲ್ಲಿ? ಗ್ಯಾರೇಜಿನಲ್ಲಿ! ಮುಂಬಾಗಿಲಿನಿಂದ ಒಳಗೆ ಹೋದ, ನಡುಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ನಾಗವೇಣಿಯ ಮುಂದಿನಿಂದ ಹಾದ, ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ಹುಲ್ಲಿನ ಬಣವೆ ಹಿಡಿದುಕೊಂಡಿತು.

"ಗಂಡು ಬಂತಾ?" ಅಂದರು ಜಗುಲಿಯ ಮೇಲಿದ್ದ ಕಿವುಡಜ್ಜ.

"ಬಂತು. ಹೋಯ್ತು!" ಅಂದರು ಒಳಗಿನವರು.

ನಾಗವೇಣಿ ನಕ್ಕಳು. ನಕ್ಕು ನಕ್ಕು ಉಪ್ಪಿಟ್ಟು ಚೆಲ್ಲಿದಳು. "ಇಷ್ಟು ಅವಸರವಾಗಿ ಯಾರೂ ನನ್ನ ನೋಡಾಕೆ ಬಂದಿರಲಿಲ್ಲ. ಇವನೇ ಆಗ್ಲಿ" ಅಂದಳಂತೆ. ಸಂಬಂಧ ಕುದುರಿತು.

ಕುದುರಿದರೇನು! ಮೇಸ್ತ್ರಿ ನೋಡುತ್ತಾರೆ, ಗ್ಯಾರೇಜಿನ ನೆಲದ ಮೇಲೆ ಬ್ರೇಕು!

"ಹಂಗಲ್ಲ ಕಣೋ! ಹಗುರ ಮಾಡೋದು ಫ್ಲೈವೀಲು, ಬ್ರೇಕಲ್ಲ! ಹುಡುಗ ಸತ್ತು ಹೋಗಿದ್ರೆ? ಬಾ ಇಲ್ಲಿ, ಕೂತ್ಕೊ, ಇವತ್ತು ಪೂರ್ತಿ ಹೇಳ್ತೀನಿ. ಎಂಜಿನ್ನು ಸುತ್ತುತಾ ಇರ್ತದೆ. ಚಕ್ರ ನಿಂತಿರ್ತದೆ. ಎರಡರ ನಡುವೆ ಇರೋದೇ ಕ್ಲಚ್ಚು. ಹಿಡಿದ್ರೆ ಬೇರೆ ಮಾಡ್ತದೆ, ಬಿಟ್ರೆ ಸೇರಿಸ್ತದೆ. ಒಂದೊಂದು ಗಾಡೀಲಿ ಒಂದೊಂದು ಕಡೆ ಕೂತಿರ್ತದೆ. ಜಾನು ಗಾಡೀಲಿ ಎಂಜಿನ್ನಿನ ಮೂತಿಗೇ ಕೂತದೆ. ಎಂಜಿನ್ ಸುತ್ತಿದಷ್ಟೂ ಅದೂ ಸುತ್ತಬೇಕು, ಅದೇ ಇನ್ನೊಂದು ಫ್ಲೈವೀಲ್ ಆಗ್ತದೆ. ಅದಕ್ಕೇ ಗಾಡಿ ಎಮ್ಮೆ ಆಗಿತ್ತು. ಪರಮೇಶಿ ಗಾಡೀಲಿ ಗೇರಿನ ಪಕ್ಕ ಕೂತದೆ. ಅಲ್ಲಿ ನಿಧಾನ ಸುತ್ತುತದೆ, ಅದರ ಭಾರ ಎಂಜಿನ್‌ಗೆ ಅಷ್ಟಾಗಿ ಸೇರಲ್ಲ. ಆದರೆ ಎಳೆತ ಜಾಸ್ತಿ ತಡೀಬೇಕು, ಅದಕ್ಕೆ ಪ್ಲೇಟು ಜಾಸ್ತಿ. ಹಂಗಾಗಿ ಏನೇ ಮಾಡೋ ಮುಂಚೆ ಕ್ಲಚ್ಚು ಯಾರ ಪಕ್ಕ ಅಂತ ನೋಡು!"

"ಯಾರ ಪಕ್ಕ ಅಂತ ನೋಡ್ತೀನಿ."

"ಇನ್ನೊಂದು! ಸುತ್ತೋದನ್ನೂ ನಿಂತದ್ದನ್ನೂ ಒಮ್ಮೆಗೇ ಸೇರಿಸಿದ್ರೆ ಎರಡೂ ಕೆಡ್ತವೆ. ಯಾರು ಏನೇ ಕೂಗಲಿ, ಕ್ಲಚ್ಚು ತಟ್ಟನೆ ಬಿಡಬಾರದು. ಮೆಲ್ಲಗೆ. ಮೆಲ್ಲ ಮೆಲ್ಲಗೆ!"

"ಆಗ್ಲಿ ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

ಜಾನು ಮದುವೆ ಬಂತು. ಬೇಗ ಬಂತು ಅನ್ನುತ್ತೀರಾ? ಆ ಹುಡುಗ ಎಲ್ಲದಕ್ಕೂ ಅವಸರದವನು. ತನಗೆ ಹೆಣ್ಣು ಕುದುರಿಸಿದ್ದೇ ತಿಪ್ಪೇಶಿ ಅಂತ ಅವನ ಲೆಕ್ಕ. "ಅಂತರಪಟಕ್ಕೆ ನೀನೇ ಒಂದು ತುದಿ ಹಿಡೀಬೇಕು ಕಣೋ" ಅಂತ ಹಟ ಹಿಡಿದ. ಇನ್ನೊಂದು ತುದಿಗೆ ಹುಡುಗಿಯ ಸೋದರಮಾವ. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ಬಿಳೀ ತೆರೆ. ಮುಹೂರ್ತ ಬಂದ ಕ್ಷಣ ತೆರೆ ಸರಿಸಬೇಕು, ಇವರು ಅವರ ಮುಖ ನೋಡಬೇಕು, ಜೀರಿಗೆ ಬೆಲ್ಲ ಹಾಕಬೇಕು.

ತಿಪ್ಪೇಶಿ ತೆರೆ ಹಿಡಿದು ನಿಂತ. ಜಾನು ಕಾಲಿಂದ ಕಾಲಿಗೆ ಕುಣಿಯುತ್ತಿದ್ದ. ನಾಗವೇಣಿ ತಲೆ ಬಗ್ಗಿಸಿ ಅಲ್ಲಾಡದೆ ನಿಂತಿದ್ದಳು. ತಿಪ್ಪೇಶಿಗೆ ಪಳಕ್ಕನೆ ಹೊಳೆಯಿತು. ಒಂದು ಸುತ್ತುತ್ತಿದೆ, ಒಂದು ನಿಂತಿದೆ, ನಡುವೆ ಇದು. ಇದು ಕ್ಲಚ್ಚು!

"ಯಾರ ಪಕ್ಕ ಇರಬೇಕು?" ಅಂತ ಗಟ್ಟಿಯಾಗೇ ಕೇಳಿದ.

"ಯಾರು?" ಅಂದರು ಪುರೋಹಿತರು.

"ಜಾನಣ್ಣಂದು ಎಂಜಿನ್ನಿನ ಮೂತಿಗೇ!" ಅಂದು ತೆರೆ ತಗೊಂಡು ಹೋಗಿ ಮದುಮಗನ ಮೂತಿಗೆ ಒತ್ತಿ ಹಿಡಿದ. ಬಾಸಿಂಗ ವಾರೆಯಾಯಿತು. ಜಾನು ತೆರೆಯೊಳಗಿನಿಂದ "ಉಸಿರು! ಉಸಿರು!" ಅಂದ.

ಗಟ್ಟಿಮೇಳ! ವಾಲಗದವರು ಕೆನ್ನೆ ಉಬ್ಬಿಸಿದರು. ಪುರೋಹಿತರು "ತೆರೆ ಬಿಡಿ!" ಅಂದರು. ಸೋದರಮಾವ ತನ್ನ ತುದಿ ಬಿಟ್ಟ. ತಿಪ್ಪೇಶಿ ಆ ತುದಿಯನ್ನೂ ಹಿಡಿದುಕೊಂಡ.

"ಬಿಡೋ!"

"ಬಿಡ್ತಾ ಇದ್ದೀನಿ ಸ್ವಾಮಿ. ಮೆಲ್ಲಗೆ."

"ಮುಹೂರ್ತ ಮೀರ್ತದೋ!"

"ತಟ್ಟನೆ ಬಿಟ್ರೆ ಎರಡೂ ಕೆಡ್ತವೆ ಸ್ವಾಮಿ!"

ತೆರೆ ಬೆರಳಷ್ಟು ಇಳಿಯಿತು. ಇನ್ನೊಂದು ಬೆರಳಷ್ಟು ಇಳಿಯಿತು. ಜಾನುವಿನ ಹಣೆ ಕಂಡಿತು. ಹುಬ್ಬು ಕಂಡಿತು. ವಾಲಗದವರ ಉಸಿರು ಮುಗಿಯಿತು. ಪುರೋಹಿತರು ಹೇಳಿದ ಮಂತ್ರವನ್ನೇ ಮತ್ತೆ ಹೇಳಿದರು. ಅಕ್ಷತೆ ಹಿಡಿದ ಜನ ಕೈ ಎತ್ತಿಕೊಂಡೇ ನಿಂತರು. ತಿಪ್ಪೇಶಿ ಬೆವರುತ್ತಿದ್ದ, ಎರಡು ಜೀವದ ಜವಾಬ್ದಾರಿ ಅವನ ಕೈಯಲ್ಲಿತ್ತಲ್ಲ! ಜಾನುವಿನ ಮೂಗು ಕಾಣುವ ಹೊತ್ತಿಗೆ ನಾಗವೇಣಿ ತಲೆ ಎತ್ತಿದಳು. "ಸಾಕು ಕೊಡಣ್ಣ ಇಲ್ಲಿ!" ಅಂದಳು. ಒಂದೇ ಕೈಲಿ ತೆರೆ ಕಿತ್ತು ಬಿಸಾಕಿ, ಜೀರಿಗೆ ಬೆಲ್ಲವನ್ನು ಗಂಡನ ನೆತ್ತಿಗೆ ಟಪ್ಪನೆ ಹೊಡೆದಳು.

ಮುಹೂರ್ತ ಮೀರಿತ್ತೋ ಇಲ್ಲವೋ ಪಂಚಾಂಗಕ್ಕೇ ಗೊತ್ತು. ಆ ಮನೆಯಲ್ಲಿ ಇವತ್ತಿಗೂ ಅವಳ ಮಾತೇ ನಡೆಯುವುದು.

ಮೇಸ್ತ್ರಿ ಬಿರಿಯಾನಿಯಿಲ್ಲದ ಊಟ ಮುಗಿಸಿ ಹೊರಗೆ ಬಂದವರು ತಿಪ್ಪೇಶಿಯ ಕಿವಿ ಹಿಡಿದರು. "ಹಂಗಲ್ಲ ಕಣೋ! ಗಾಡಿ ಮಾತು ಗಾಡಿಗೆ! ಮನುಷ್ಯರಿಗಲ್ಲ, ಮದುವೆಗಲ್ಲ, ಮೇಷ್ಟ್ರಿಗಲ್ಲ! ನಿಂಗೆ ಬಾಯಲ್ಲಿ ಹೇಳಿದ್ದೇ ನನ್ನ ತಪ್ಪು. ಇನ್ಮೇಲೆ ನಾನು ಬೆರಳಿಟ್ಟು ತೋರಿಸಿದ್ದನ್ನ ಮಾತ್ರ ಮಾಡು!"

ಓಬಮ್ಮ ಪಕ್ಕದಲ್ಲೇ ನಿಂತಿದ್ದಳು. ಅವಳು ಬೈಯಲಿಲ್ಲ. "ಯುಗಾದಿಗೆ ವಾರ ಇಲ್ಲ ಮೇಸ್ತ್ರಿ" ಅಂದಳು. "ಅವನ ಅಂಗಿ ಒಗೆದು ಗಂಟು ಕಟ್ಟಿಟ್ಟಿದ್ದೀನಿ. ಕಟ್ಟೋವಾಗ ಕೈ ಬರಲಿಲ್ಲ."

ಮೇಸ್ತ್ರಿ ಕಿವಿ ಬಿಟ್ಟರು.

ಮರುದಿನವೇ ದಾವಣಗೆರೆಯಿಂದ ಫ್ಲೈವೀಲು ಬಂತು. ಮೇಸ್ತ್ರಿ ಪರಮೇಶಿಯ ಬೈಕು ನಡುವೆ ತಂದು ನಿಲ್ಲಿಸಿದರು. ತಾವು ಸ್ಟೂಲಿನ ಮೇಲೆ ಕೂತರು. ಬಾಯಿ ಮುಚ್ಚಿಕೊಂಡು ಬೆರಳು ಮಾತ್ರ ತೋರಿಸಿದರು. ಈ ನಟ್ಟು. ಈ ಬೋಲ್ಟು. ಇದು ಇಲ್ಲಿ. ಇಷ್ಟು ಬಿಗಿ. ತಿಪ್ಪೇಶಿ ತೋರಿಸಿದ್ದು ತೋರಿಸಿದಂತೆ ಮಾಡಿದ. ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಮ್ಮಿಯಿಲ್ಲ! ಗೇರಿನ ಪಕ್ಕದ ಕ್ಲಚ್ಚಿನ ಪ್ಲೇಟುಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದ. ಭಾರದ ಚಕ್ರವನ್ನು ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕೂರಿಸಿದ. ಮೇಸ್ತ್ರಿಯ ಕಣ್ಣು ಅಗಲವಾಯಿತು. ಹಲ್ಲು ಕಚ್ಚಿ ಬಿಗಿದು ಬೋಲ್ಟಿನ ಥ್ರೆಡ್ಡು ಕೆಡಿಸುವ ಜಾಣರನ್ನು ಅವರು ಬೇಕಾದಷ್ಟು ಕಂಡಿದ್ದರು. ಇಂಥ ಕೈ ಕಂಡಿರಲಿಲ್ಲ.

ಕಿಕ್ ಹೊಡೆದರು. ಡುಗ್... ಡುಗ್... ಡುಗ್... ಡುಗ್. ನಿಧಾನಕ್ಕೆ, ಊಟವಾದ ಮೇಲೆ ಎಲೆಯಡಿಕೆ ಮೆಲ್ಲುವ ಯಜಮಾನನ ಹಾಗೆ.

"ಸಬಾಶ್!" ಅಂದರು ಮೇಸ್ತ್ರಿ. ಖುಷಿಯಲ್ಲಿ ಬಾಯಿ ಬಿಟ್ಟುಬಿಟ್ಟರು ನೋಡಿ! "ಪರಮೇಶಿ, ಕ್ಯಾನು ತುಂಬು. ತಿಪ್ಪೇಶಿ, ನೀನೇ ಗುಡ್ಡ ಹತ್ತಿಸಿ ಇಳಿಸ್ಕೊಂಡು ಬಾ. ಏನೇ ಆಗ್ಲಿ ಎಂಜಿನ್ ನಿಲ್ಲಬಾರದು. ನಿಲ್ಲದೆ ಬಂದ್ರೆ ಇವತ್ತಿಂದ ನೀನು ಗ್ಯಾರೇಜಿನ ಆಳು!"

ಓಬಮ್ಮ ಬಂದಳು, ಮೇಷ್ಟ್ರು ಬಂದರು, ಹೊಸ ಜೋಡಿ ಬಂತು. ಎಲ್ಲ ರಸ್ತೆಯಲ್ಲಿ ನಿಂತು ಕಿವಿ ಕೊಟ್ಟರು. ಡುಗ್ ಡುಗ್ ಡುಗ್. ಮೊದಲ ತಿರುವು ದಾಟಿತು. ನಿಲ್ಲಲಿಲ್ಲ! ತುಂಬಿದ ಕ್ಯಾನು, ಆರಡಿ ಆಳು, ಕಡಿದಾದ ಏರು. ಎರಡನೇ ತಿರುವಿನಲ್ಲಿ ಎದುರಿಗೆ ಕುರಿಮಂದೆ ಬಂದು ಬೈಕು ಇರುವೆಯಷ್ಟು ನಿಧಾನವಾಯಿತು. ಆದರೂ ಡುಗ್... ಡುಗ್... ನಿಲ್ಲಲಿಲ್ಲ! ಓಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನೆತ್ತಿ ಸೇರಿತು! ಪರಮೇಶಿಯೇ ಸಿಳ್ಳೆ ಹೊಡೆದ.

ಆಮೇಲೆ ಸದ್ದಿಲ್ಲ.

ಬಹಳ ಹೊತ್ತು ಸದ್ದಿಲ್ಲ. ಕೊನೆಗೆ ತಿರುವಿನಲ್ಲಿ ತಿಪ್ಪೇಶಿ ಕಂಡ. ಬೈಕು ತಳ್ಳಿಕೊಂಡು ಬರುತ್ತಿದ್ದ. ಕಣ್ಣಲ್ಲಿ ನೀರು. ಸೈಲೆನ್ಸರಿನಿಂದ ಬಿಳೀ ಹನಿ ತೊಟ್ಟಿಕ್ಕುತ್ತಿತ್ತು.

"ಏನಾಯ್ತೋ?"

"ನೆತ್ತಿ ಮೇಲೆ ಪೆಟ್ರೋಲ್ ಮುಗೀತು ಮೇಸ್ತ್ರಿ. ಎಂಜಿನ್ ಕೆಮ್ಮಿತು. ಏನೇ ಆದ್ರೂ ನಿಲ್ಲಬಾರದು ಅಂದಿದ್ರಲ್ಲ."

"ಅದಕ್ಕೆ?"

"ಹಾಲು ಹುಯ್ದೆ."

ಪರಮೇಶಿ ಓಡಿ ಬಂದು ಕ್ಯಾನಿನ ಮುಚ್ಚಳ ತೆಗೆದು ನೋಡಿದ.

"ಆದ್ರೂ ನಿಂತು ಹೋಯ್ತು. ಹಾಲು ಗಟ್ಟಿ ಇದ್ದಿದ್ರೆ ಓಡ್ತಿತ್ತೇನೋ ಮೇಸ್ತ್ರಿ. ಟ್ಯಾಂಕಿಗೆ ಹುಯ್ಯೋವಾಗ ನೋಡಿದೆ, ಬರೀ ನೀರು. ಪರಮೇಶಣ್ಣನ ಹಾಲು ಎಂಜಿನ್ನೂ ಕುಡಿಯಲ್ಲ!"

ಬೈಯಲು ಬಾಯಿ ತೆರೆದಿದ್ದ ಪರಮೇಶಿ ಮುಚ್ಚಿಕೊಂಡ. ಮೇಷ್ಟ್ರು ಅವನ ಕಡೆ ತಿರುಗಿ "ಏನಪ್ಪ, ನಮ್ಮನೆಗೂ ಇದೇ ಹಾಲೇನಾ?" ಅಂದರು. ಪರಮೇಶಿ ಗುಡ್ಡ ನೋಡಿದ.

ಆದರೆ ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತ್ತು. ಎಂಥ ಎಂಜಿನ್ನು! ಎಂಥ ಜೋಡಣೆ! ಅದರ ಹೊಟ್ಟೆ ತುಂಬ ಹಾಲು! ಒಂದು ಬಿಳೀ ಬಟ್ಟೆ ತಂದು ತಿಪ್ಪೇಶಿಯ ಮುಖಕ್ಕೆ ಎಸೆದರು. "ಬಿಚ್ಚು! ಒಂದೊಂದೂ ಬಿಚ್ಚಿ ತೊಳಿ! ಈ ಬಟ್ಟೆಗೆ ಚುಕ್ಕೆ ಮಸಿ ಹತ್ತಬಾರದು, ಹಂಗಾಗಬೇಕು ಎಂಜಿನ್ನು! ಅಲ್ಲೀವರೆಗೆ ಗ್ಯಾರೇಜಿಂದ ಹೊರಗೆ ಕಾಲಿಟ್ರೆ ನೋಡು!"

"ಆಗ್ಲಿ ಮೇಸ್ತ್ರಿ."

ತೊಳೆದ. ಸೀಮೆಎಣ್ಣೆಯಲ್ಲಿ ತೊಳೆದ, ಬ್ರಷ್ಷಿನಲ್ಲಿ ತಿಕ್ಕಿದ. ಓಬಮ್ಮ ಬುತ್ತಿ ತಂದು ಬಾಗಿಲಲ್ಲಿ ನಿಂತರೆ ಒಳಗಿನಿಂದಲೇ ಕೈ ಚಾಚಿದ. ಅಲ್ಲೇ ಉಂಡ, ಅಲ್ಲೇ ಮಲಗಿದ. ಎಷ್ಟೋ ವರ್ಷದ ಮಸಿ, ಒಂದು ದಿನಕ್ಕೆ ಹೋಗುತ್ತದೆಯೇ?

ಯುಗಾದಿ ಬಂತು. ಬೇವು ಬೆಲ್ಲದ ಜೊತೆಗೇ ದುರುಗಪ್ಪನ ಲಾರಿಯೂ ಬಂತು.

"ಬಾರೋ ಅಳಿಯ, ಹತ್ತು."

"ಬರಂಗಿಲ್ಲ ಮಾವ. ಮಸಿ ಹೋಗೋವರೆಗೆ ಹೊರಗೆ ಕಾಲಿಡಬಾರದು."

ದುರುಗಪ್ಪ ಮೇಸ್ತ್ರಿಯ ಕಡೆ ತಿರುಗಿದ. "ಮಸಿ ಹೋಗಿದೆಯೇನ್ರೀ?"

ಮೇಸ್ತ್ರಿ ಎದ್ದರು. ಎಂಜಿನ್ನಿನ ಮೇಲೆ ಬಟ್ಟೆ ಎಳೆದರು. ನೋಡಿದರು. ಬಟ್ಟೆ ಮಲ್ಲಿಗೆ ಹೂವಿನ ಹಾಗಿತ್ತು. ಬಾಗಿಲಲ್ಲಿ ಓಬಮ್ಮ ಅಂಗಿಯ ಗಂಟು ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೇಸ್ತ್ರಿ ಬಟ್ಟೆ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು.

"ಎಲ್ಲಿ ಹೋಗಿದೆ? ಇನ್ನೂ ಬೇಕಾದಷ್ಟು ಮಸಿ ಇದೆ. ನೀವು ಹೋಗಿ ಬನ್ನಿ. ಇವನ ಕೆಲಸ ಸದ್ಯಕ್ಕೆ ಮುಗಿಯೋದಲ್ಲ."

ಲಾರಿ ಹೋಯಿತು. ಓಬಮ್ಮ ಗಂಟು ಬಿಚ್ಚಿ, ಹೊಸ ಅಂಗಿ ಕೊಡವಿ, ಗ್ಯಾರೇಜಿನ ಗೂಟಕ್ಕೆ ತಗುಲಿಹಾಕಿದಳು.

ಅಷ್ಟರಲ್ಲಿ ಪರಮೇಶಿ ಬಂದ. "ಮೇಸ್ತ್ರಿ, ಹಬ್ಬದ ದಿನ. ನನ್ನ ಗಾಡಿ ಕೊಟ್ಬಿಡ್ರಪ್ಪ."

"ಬೈಕು ಜೋಡಿಸಿ ತಂದು ಕೊಡೋ ತಿಪ್ಪೇಶಿ" ಅಂದರು ಮೇಸ್ತ್ರಿ, ಕಣ್ಣು ಒರೆಸಿಕೊಳ್ಳುತ್ತ ಆಚೆ ತಿರುಗಿ.

ಎಲ್ಲರೂ ಓಬಮ್ಮನ ಹೋಳಿಗೆ ಉಣ್ಣುತ್ತಿರುವಾಗ ತಿಪ್ಪೇಶಿ ಗ್ಯಾರೇಜಿನ ಬಾಗಿಲವರೆಗೆ ಬೈಕು ತಳ್ಳಿಕೊಂಡು ಬಂದ. ಅರಿಶಿನ ಕುಂಕುಮ ಇಟ್ಟಿದ್ದ, ಹ್ಯಾಂಡಲ್ಲಿಗೆ ಮಾವಿನೆಲೆ ಕಟ್ಟಿದ್ದ. ಬೈಕು ಫಳಫಳ! ಪರಮೇಶಿ ಖುಷಿಯಿಂದ ಹತ್ತಿ ಕೂತ. ಕಿಕ್ ಹೊಡೆಯಲು ಕಾಲೆತ್ತಿದ. ಕಾಲು ಗಾಳಿಯಲ್ಲೇ ಹೋಗಿ ನೆಲಕ್ಕೆ ಬಡಿಯಿತು. ಬಗ್ಗಿ ನೋಡಿದ. ಎರಡು ಕಾಲಿನ ನಡುವೆ ಆಚೆ ಕಡೆಯ ಹುಣಸೆಮರ ಕಂಡಿತು.

"ಎಂಜಿನ್ ಎಲ್ಲೋ!"

"ಒಳಗೇ ಅದೆ ಪರಮೇಶಣ್ಣ! ಬಟ್ಟೇಲಿ ಸುತ್ತಿ ಮೇಲಿನ ಹಲಗೇಲಿ ಎತ್ತಿಟ್ಟಿದ್ದೀನಿ. ಅದನ್ನ ಗಾಡಿಗೆ ಹಾಕಿದ್ರೆ ಮತ್ತೆ ಮಸಿಯಾಗಲ್ವಾ?"

ಮೇಸ್ತ್ರಿ "ಹಂಗಲ್ಲ ಕಣೋ..." ಅಂತ ಬಾಯಿ ತೆರೆದರು. ಓಬಮ್ಮನ ಮುಖ ನೋಡಿದರು. ತಿಪ್ಪೇಶಿಯ ಮುಖ ನೋಡಿದರು. ಅವನು ಆಗಲೇ ಕಿವಿ ನಿಮಿರಿಸಿ, ಮುಂದಿನ ಮಾತಿಗೆ ಕಾದು ನಿಂತಿದ್ದ.

ಮೇಸ್ತ್ರಿ ತೆರೆದ ಬಾಯಿಗೆ ಒಂದು ತುಂಡು ಹೋಳಿಗೆ ಹಾಕಿಕೊಂಡು ಸುಮ್ಮನಾದರು.